ಮರುಭೂಮಿ ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಪೋಷಕಾಂಶ ಎಷ್ಟಿರಬೇಕು? ಪ್ರಯೋಗಾಲಯಕ್ಕೊಂದು ಮಾರ್ಗದರ್ಶಿ

"ಮರುಭೂಮಿಯ ಮಣ್ಣನ್ನು ನ್ಯೂಟ್ರಿಯೆಂಟ್ ಅಗರ್ ಮೇಲೆ ಹರಡಿ ಎರಡು ದಿನ ಕಾದೆ. ಒಂದೆರಡು ಬಿಳಿಯ ಕಾಲೊನಿಗಳು ತಟ್ಟೆಯ ತುಂಬ ಹಬ್ಬಿಕೊಂಡವೇ ಹೊರತು ಬೇರೇನೂ ಕಾಣಲಿಲ್ಲ. ನಾನು ತಂದ ಮಣ್ಣಿನಲ್ಲಿ ಜೀವವೇ ಇಲ್ಲವೇ?" ಈ ಪ್ರಶ್ನೆಯನ್ನು ಸ್ನಾತಕೋತ್ತರ ವಿದ್ಯಾರ್ಥಿಗಳು, ಹೊಸದಾಗಿ ಸಂಶೋಧನೆಗೆ ಇಳಿದವರು ಮಾತು ಮಾತ್ರ ಬದಲಿಸಿ ಮತ್ತೆ ಮತ್ತೆ ಕೇಳುತ್ತಾರೆ. (ನ್ಯೂಟ್ರಿಯೆಂಟ್ ಅಗರ್ ಎಂದರೆ ಕಡಲಕಳೆಯ ಅಂಟಾದ ಅಗರ್ ಹಾಕಿ ಗಟ್ಟಿಗೊಳಿಸಿದ ಪುಷ್ಟ ಆಹಾರ, ಕಾಲೊನಿ ಎಂದರೆ ಕಣ್ಣಿಗೆ ಕಾಣುವಷ್ಟು ಬೆಳೆದ ಬ್ಯಾಕ್ಟೀರಿಯಾಗಳ ಗುಂಪು.) ಬಹುಪಾಲು ಸಂದರ್ಭಗಳಲ್ಲಿ ಮಣ್ಣಿನಲ್ಲಿ ದೋಷವಿರುವುದಿಲ್ಲ. ಬಡಿಸಿದ ಊಟ ಅತಿಯಾಗಿರುತ್ತದೆ, ಕಾದ ಕಾಲ ಅತಿ ಕಡಿಮೆಯಾಗಿರುತ್ತದೆ. ಇವೆರಡನ್ನೂ ಒಟ್ಟಿಗೇ ಸರಿಪಡಿಸಬೇಕು. ಮಾಧ್ಯಮವನ್ನು, ಅಂದರೆ ಬ್ಯಾಕ್ಟೀರಿಯಾಗಳಿಗೆ ತಟ್ಟೆಯಲ್ಲಿ ಕೊಡುವ ಆಹಾರವನ್ನು, ತೆಳುಗೊಳಿಸಿ ಮೂರನೆಯ ದಿನ ತಟ್ಟೆಗಳನ್ನು ಎಸೆಯುವವರಿಗೆ ಮೊದಲಿಗಿಂತ ಕೆಟ್ಟ ಫಲಿತಾಂಶವೇ ಸಿಗುತ್ತದೆ.

ಈ ಮಾರ್ಗದರ್ಶಿಯಲ್ಲಿ "ಇಷ್ಟೇ ಗ್ರಾಂ ಹಾಕಿ" ಎಂಬ ಒಂದೇ ಸೂತ್ರವನ್ನು ಹುಡುಕಬೇಡಿ. ಒಂದೇ ಮಣ್ಣನ್ನು ಪೋಷಕಾಂಶದ ಹಲವು ಮಟ್ಟಗಳ ಮೇಲೆ ಏಕಕಾಲಕ್ಕೆ ಬೆಳೆಸಿ, ಯಾವ ಮೆಟ್ಟಿಲಿನಲ್ಲಿ ಯಾವ ದಿನ ಯಾರು ಕಾಣಿಸಿಕೊಂಡರು ಎಂಬುದನ್ನು ಓದುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಹೆಚ್ಚು ಆಹಾರ ಏಕೆ ತೊಡಕಾಗುತ್ತದೆ?

ಸೂಕ್ಷ್ಮದರ್ಶಕದಲ್ಲಿ ಎಣಿಸಿದ ಜೀವಕೋಶಗಳ ಸಂಖ್ಯೆಗೂ ತಟ್ಟೆಯ ಮೇಲೆ ಬೆಳೆದ ಕಾಲೊನಿಗಳ ಸಂಖ್ಯೆಗೂ ಅಜಗಜಾಂತರವಿರುತ್ತದೆ. ಸಾಮಾನ್ಯ ಮಾಧ್ಯಮಗಳ ಮೇಲೆ ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಶೇಕಡಾ 1ರಷ್ಟೂ ಬೆಳೆಯದಿರುವುದು ಸರ್ವೇಸಾಮಾನ್ಯ. ಸ್ಟೇಲಿ ಮತ್ತು ಕೊನೋಪ್ಕಾ 1985ರಲ್ಲಿ ಈ ಅಂತರಕ್ಕೆ "ಮಹಾ ತಟ್ಟೆ ಎಣಿಕೆಯ ವೈಪರೀತ್ಯ" ಎಂಬರ್ಥದ ಹೆಸರು ಕೊಟ್ಟರು. ಈ ಅಂತರಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಪೋಷಕಾಂಶದ ಮಟ್ಟ ನಮ್ಮ ಕೈಯಲ್ಲಿರುವ, ಸುಲಭವಾಗಿ ಬದಲಿಸಬಹುದಾದ ಕಾರಣ.

ಲೆಕ್ಕ ಹಾಕಿ ನೋಡಿ. ನ್ಯೂಟ್ರಿಯೆಂಟ್ ಅಗರ್‌ನ ಒಂದು ಲೀಟರಿನಲ್ಲಿ ಪೆಪ್ಟೋನ್ 5 ಗ್ರಾಂ, ಮಾಂಸಸಾರ 3 ಗ್ರಾಂ ಇರುತ್ತವೆ. ಪೆಪ್ಟೋನ್ ಎಂದರೆ ಕಿಣ್ವದಿಂದಲೋ ಆಮ್ಲದಿಂದಲೋ ಅರೆಜೀರ್ಣಗೊಳಿಸಿದ ಪ್ರೋಟೀನು. ಇವೆರಡರಿಂದ ಲೀಟರಿಗೆ ಸುಮಾರು 3 ಗ್ರಾಂ ಇಂಗಾಲ ದೊರೆಯುತ್ತದೆ, ಅದೂ ಕರಗಿದ, ತಕ್ಷಣ ತಿನ್ನಬಹುದಾದ ರೂಪದಲ್ಲಿ. ಮರುಭೂಮಿಯ ಮಣ್ಣಿನಲ್ಲಿ ಸಾವಯವ ಇಂಗಾಲ ಅನೇಕ ಕಡೆ ಶೇಕಡಾ 0.5ನ್ನೂ ಮುಟ್ಟುವುದಿಲ್ಲ. ಇರುವುದರಲ್ಲೂ ಬಹುಪಾಲು ಕಣಗಳಿಗೆ ಅಂಟಿಕೊಂಡಿರುವುದರಿಂದ ಬ್ಯಾಕ್ಟೀರಿಯಾಗಳ ಕೈಗೆ ಸುಲಭವಾಗಿ ಸಿಗುವುದಿಲ್ಲ. ಅಲ್ಪ ಆಹಾರದಲ್ಲೇ ಬಾಳುವ ಜೀವಿಗಳನ್ನು ಆಲಿಗೋಟ್ರೋಫ್ ಎನ್ನುತ್ತಾರೆ. ನಾವು ಮಿತಾಹಾರಿಗಳು ಎನ್ನೋಣ. ಇವುಗಳನ್ನು ಗುರುತಿಸಲು ಹಲವರು ಬಳಸುವ ಅಳತೆಗೋಲು ಲೀಟರಿಗೆ 1ರಿಂದ 15 ಮಿಲಿಗ್ರಾಂ ಇಂಗಾಲದಲ್ಲಿ ಬೆಳೆಯಬಲ್ಲ ಸಾಮರ್ಥ್ಯ. ಅಂದರೆ ನ್ಯೂಟ್ರಿಯೆಂಟ್ ಅಗರ್ ಅದಕ್ಕಿಂತ ಕನಿಷ್ಠ 200 ಪಟ್ಟು ಪುಷ್ಟವಾಗಿದೆ.

ಪುಷ್ಟ ಮಾಧ್ಯಮದಲ್ಲಿ ಮೊದಲು ಕಾಣುವ ತೊಂದರೆ ಪೈಪೋಟಿ. ಬೇಗ ಬೆಳೆಯುವ ಬ್ಯಾಕ್ಟೀರಿಯಾಗಳಲ್ಲಿ ರೈಬೋಸೋಮ್ (ಕೋಶದೊಳಗೆ ಪ್ರೋಟೀನು ಕಟ್ಟುವ ಯಂತ್ರ) ತಯಾರಿಕೆಯ ಜೀನುಗಳ ಪ್ರತಿಗಳು ಹಲವಿರುತ್ತವೆ. ಆಹಾರ ಸಿಕ್ಕೊಡನೆ ಅವು ಕೆಲವೇ ಗಂಟೆಗಳಲ್ಲಿ ಯಂತ್ರವನ್ನು ಪೂರ್ಣ ವೇಗಕ್ಕೆ ಏರಿಸುತ್ತವೆ. ನಿಧಾನವಾಗಿ ಬೆಳೆಯುವವುಗಳಲ್ಲಿ ಆ ಪ್ರತಿ ಸಾಮಾನ್ಯವಾಗಿ ಒಂದೋ ಎರಡೋ. ಬ್ಯಾಸಿಲಸ್‌ನಂತಹ ಹೊಟ್ಟೆಬಾಕಗಳು ಎರಡು ದಿನದಲ್ಲಿ ತಟ್ಟೆಯನ್ನು ಆವರಿಸಿ, ಆಮ್ಲಗಳನ್ನೂ ಪ್ರತಿಜೈವಿಕಗಳನ್ನೂ ಸುತ್ತ ಚೆಲ್ಲಿದ ಮೇಲೆ ಉಳಿದವಕ್ಕೆ ಜಾಗವೇ ಇರುವುದಿಲ್ಲ.

ಎರಡನೆಯದು ಆಘಾತ. ಬಹುಕಾಲ ಹಸಿದಿದ್ದ ಜೀವಕೋಶಕ್ಕೆ ಅದು ಯಾವ ವಸ್ತುವಿಗಾಗಿ ಹಸಿದಿತ್ತೋ ಅದನ್ನೇ ಒಮ್ಮೆಲೇ ಒದಗಿಸಿದರೆ ಕೆಲವೊಮ್ಮೆ ಅದು ಬೇಗ ಸಾಯುತ್ತದೆ. ಪೋಸ್ಟ್‌ಗೇಟ್ ಮತ್ತು ಹಂಟರ್ 1960ರ ದಶಕದಲ್ಲಿ ತೋರಿಸಿದ ಸಂಗತಿಯಿದು. ಉಸಿರಾಟ ಏಕಾಏಕಿ ಏರಿದಾಗ ಉಂಟಾಗುವ ಹೈಡ್ರೋಜನ್ ಪೆರಾಕ್ಸೈಡ್‌ನಂತಹ ಉಗ್ರ ಆಮ್ಲಜನಕ ಸಂಯುಕ್ತಗಳನ್ನು ಸಂಭಾಳಿಸುವ ಶಕ್ತಿ ಬಳಲಿದ ಕೋಶಕ್ಕೆ ಇಲ್ಲದಿರುವುದು ಇದಕ್ಕೆ ಒಂದು ವಿವರಣೆ.

ಆದರೆ ಮರುಭೂಮಿಯ ಬ್ಯಾಕ್ಟೀರಿಯಾಗಳೆಲ್ಲ ಮಿತಾಹಾರಿಗಳೇ ಎಂದು ಭಾವಿಸುವುದೂ ತಪ್ಪು. ಒಣಗಿದ ಮಣ್ಣು ಮಳೆಗೆ ನೆನೆದಾಗ ಉಸಿರಾಟ ಒಮ್ಮೆಲೇ ಉಕ್ಕುತ್ತದೆ. ಇದನ್ನು 1958ರಲ್ಲಿ ವಿವರಿಸಿದ ಬರ್ಚ್ ಅವರ ಹೆಸರಿನಲ್ಲೇ "ಬರ್ಚ್ ಪರಿಣಾಮ" ಎನ್ನುತ್ತಾರೆ. ಆ ಕೆಲವು ಗಂಟೆಗಳ ಸುಗ್ಗಿಯನ್ನೇ ನಂಬಿಕೊಂಡು, ಉಳಿದ ಕಾಲವನ್ನು ಬೀಜಕವಾಗಿ (ಗಟ್ಟಿ ಕವಚದ ಸುಪ್ತ ರೂಪದಲ್ಲಿ) ಕಳೆಯುವ ಬ್ಯಾಕ್ಟೀರಿಯಾಗಳು ಅಲ್ಲಿ ಸಾಕಷ್ಟಿವೆ. ಅವು ಪುಷ್ಟ ಮಾಧ್ಯಮದಲ್ಲಿ ಸುಖವಾಗಿ ಬೆಳೆಯುತ್ತವೆ. ಒಂದೇ ಮಟ್ಟವನ್ನು ಆರಿಸಿಕೊಂಡರೆ ಈ ಎರಡು ಗುಂಪುಗಳಲ್ಲಿ ಒಂದನ್ನು ಖಂಡಿತ ಕಳೆದುಕೊಳ್ಳುತ್ತೀರಿ.

ಬೇಕಾಗುವ ಸಾಮಗ್ರಿ

ಆಟೋಕ್ಲೇವ್ (ಒತ್ತಡದ ಹಬೆಯಿಂದ ಕ್ರಿಮಿಶುದ್ಧಗೊಳಿಸುವ ಪಾತ್ರೆ), ಲ್ಯಾಮಿನಾರ್ ಏರ್ ಫ್ಲೋ (ಸೋಸಿದ ಶುದ್ಧ ಗಾಳಿ ಹರಿಯುವ ಕೆಲಸದ ಪೀಠ), 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಥಿರವಾಗಿರುವ ಇನ್‌ಕ್ಯುಬೇಟರ್, ಪಿಎಚ್ ಮೀಟರ್, ಲವಣಾಂಶ ಅಳೆಯಲು ವಿದ್ಯುತ್ ವಾಹಕತೆಯ ಮೀಟರ್, ವೋರ್ಟೆಕ್ಸ್ ಮಿಕ್ಸರ್, ಮಿಲಿಗ್ರಾಂ ತೂಗುವ ತಕ್ಕಡಿ, ಪಿಪೆಟ್‌ಗಳು, 90 ಮಿಲಿಮೀಟರಿನ ಪೆಟ್ರಿ ತಟ್ಟೆಗಳು, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ. ಇವೆಲ್ಲ ಸಾಮಾನ್ಯ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಇರುವಂಥವೇ. ಇವುಗಳ ಜೊತೆಗೆ ಇನ್‌ಕ್ಯುಬೇಟರಿನಲ್ಲಿ ಎರಡು ತಿಂಗಳು ಯಾರೂ ಕೈಹಾಕದ ಒಂದು ಅಂಕಣ ಬೇಕು. ಅದನ್ನು ಕೆಲಸ ಶುರುವಾಗುವ ಮೊದಲೇ ಕೇಳಿ ಪಡೆದುಕೊಳ್ಳಿ.

ಸುರಕ್ಷತೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಣ ಮಣ್ಣನ್ನು ಜರಡಿ ಹಿಡಿಯುವಾಗ ಧೂಳು ಏಳುತ್ತದೆ. ಎನ್95 ಮುಖಗವಸು ಹಾಕಿಕೊಂಡೇ ಕೆಲಸ ಮಾಡಿ. ಉತ್ತರ ಮತ್ತು ದಕ್ಷಿಣ ಅಮೆರಿಕಗಳ ಕೆಲವು ಶುಷ್ಕ ಪ್ರದೇಶಗಳ ಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರವಿದ್ದು, ಅದರ ಬೀಜಕಗಳನ್ನು ಉಸಿರಾಡಿದವರಿಗೆ ಶ್ವಾಸಕೋಶದ ಸೋಂಕು ತಗುಲಬಹುದು. ಅಂತಹ ಪ್ರದೇಶದ ಮಣ್ಣಾಗಿದ್ದರೆ ತಟ್ಟೆಯಲ್ಲಿ ಹತ್ತಿಯಂತೆ ಬೆಳೆದ ಬಿಳಿಯ ಬೂಷ್ಟನ್ನು ಮುಚ್ಚಳ ತೆಗೆದು ನೋಡಲು ಹೋಗಬೇಡಿ.

ಹಂತ 1: ಮಣ್ಣನ್ನು ತಂದು ಅಳೆಯುವುದು

ಮೇಲ್ಪದರದ 0ಯಿಂದ 5 ಸೆಂಟಿಮೀಟರ್ ಮಣ್ಣನ್ನು ಕ್ರಿಮಿಶುದ್ಧ ಚಮಚದಿಂದ ತೆಗೆದು ಕ್ರಿಮಿಶುದ್ಧ ಚೀಲಕ್ಕೆ ಹಾಕಿ. ನೆಲದ ಮೇಲೆ ಕಪ್ಪಗೆ ಹೆಪ್ಪುಗಟ್ಟಿದ ಜೈವಿಕ ಪದರವಿದ್ದರೆ ಅದನ್ನು ಬೇರೆಯಾಗಿಯೇ ಇಡಿ. ಅಲ್ಲಿ ದ್ಯುತಿಸಂಶ್ಲೇಷಣೆ ಮಾಡುವ ಸಯನೋಬ್ಯಾಕ್ಟೀರಿಯಾಗಳು ಇಂಗಾಲವನ್ನು ಸೇರಿಸುತ್ತಿರುವುದರಿಂದ ಆ ಪದರದ ಪೋಷಕಾಂಶದ ಮಟ್ಟಕ್ಕೂ ಒಂದೆರಡು ಸೆಂಟಿಮೀಟರ್ ಕೆಳಗಿನ ಮಣ್ಣಿನ ಮಟ್ಟಕ್ಕೂ ತಾಳೆಯಾಗುವುದಿಲ್ಲ. ಒಣಗಿ ಬಂದ ಮಣ್ಣನ್ನು ಒಣಗಿದ್ದಂತೆಯೇ, ತೇವಾಂಶ ತಾಗದಂತೆ ಮುಚ್ಚಿ ಇಡಿ. ಅರೆತೇವದ ಮಣ್ಣು ಚೀಲದೊಳಗೆ ಬೆಚ್ಚಗಿದ್ದರೆ ನೀವು ಪ್ರಯೋಗ ಶುರುಮಾಡುವ ಮೊದಲೇ ಹೊಟ್ಟೆಬಾಕಗಳು ಶುರುಮಾಡಿರುತ್ತವೆ.

ಬಳಿಕ ನಾಲ್ಕು ಅಳತೆಗಳನ್ನು ಮಾಡಿಕೊಳ್ಳಿ: 105 ಡಿಗ್ರಿಯಲ್ಲಿ ಒಣಗಿಸಿ ತೇವಾಂಶ, ನೀರಿನಲ್ಲಿ ಕದಡಿ ರಸಸಾರ (ಪಿಎಚ್), ವಿದ್ಯುತ್ ವಾಹಕತೆ ಮತ್ತು ಸಾವಯವ ಇಂಗಾಲ. ಕೊನೆಯದರಲ್ಲಿ ಎಡವುವವರು ಬಹಳ. ಮರುಭೂಮಿಯ ಮಣ್ಣಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಹೇರಳವಾಗಿರಬಹುದು. ಸುಟ್ಟು ಅಳೆಯುವ ಯಂತ್ರವು ಸುಣ್ಣದ ಇಂಗಾಲವನ್ನೂ ಸೇರಿಸಿ ಎಣಿಸುವುದರಿಂದ ಮೊದಲು ಆಮ್ಲ ಹಾಕಿ ಕಾರ್ಬೊನೇಟನ್ನು ತೆಗೆಯಬೇಕು. ಕುಲುಮೆಯಲ್ಲಿ ಸುಟ್ಟು ತೂಕದ ನಷ್ಟವನ್ನು ನೋಡುವ ವಿಧಾನವೂ ಜಿಪ್ಸಂ ಇರುವ ಮಣ್ಣಿನಲ್ಲಿ ಮೋಸಮಾಡುತ್ತದೆ, ಏಕೆಂದರೆ ಹರಳುಗಳಲ್ಲಿರುವ ನೀರು ಆವಿಯಾದದ್ದೂ ಸಾವಯವ ವಸ್ತುವಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಡೈಕ್ರೋಮೇಟ್ ಬಳಸುವ ವಾಕ್ಲಿ-ಬ್ಲ್ಯಾಕ್ ವಿಧಾನಕ್ಕೆ ಸುಣ್ಣದ ಕಾಟವಿಲ್ಲ, ಆದರೆ ಉಪ್ಪು ನೆಲದ ಕ್ಲೋರೈಡ್ ಅದರ ಅಂಕಿಯನ್ನು ಹಿಗ್ಗಿಸುತ್ತದೆ.

ಹಂತ 2: ಪೋಷಕಾಂಶದ ಏಣಿಯನ್ನು ನಿರ್ಧರಿಸುವುದು

ಐದು ಮೆಟ್ಟಿಲುಗಳು ಸಾಕು: ಹೋಲಿಕೆಗಾಗಿ ಪೂರ್ಣ ಪ್ರಮಾಣದ ನ್ಯೂಟ್ರಿಯೆಂಟ್ ಅಗರ್, ಪೂರ್ಣ ಪ್ರಮಾಣದ ಆರ್2ಎ, ಅದರ ಹತ್ತನೇ ಒಂದು, ನೂರನೇ ಒಂದು, ಮತ್ತು ಆಹಾರವನ್ನೇ ಸೇರಿಸದ ಸೊನ್ನೆ ಮೆಟ್ಟಿಲು.

ಆರ್2ಎ ಎಂಬುದು ರೀಸನರ್ ಮತ್ತು ಗೆಲ್ಡ್ರೈಖ್ 1985ರಲ್ಲಿ ಕುಡಿಯುವ ನೀರಿನ ಬ್ಯಾಕ್ಟೀರಿಯಾಗಳನ್ನು ಎಣಿಸಲು ರೂಪಿಸಿದ ಮಾಧ್ಯಮ. ಲೀಟರಿಗೆ ಯೀಸ್ಟ್ ಸಾರ, ಪ್ರೋಟಿಯೋಸ್ ಪೆಪ್ಟೋನ್, ಕ್ಯಾಸಮಿನೋ ಆಮ್ಲ, ಗ್ಲೂಕೋಸ್, ಕರಗುವ ಪಿಷ್ಟ ತಲಾ 0.5 ಗ್ರಾಂ, ಸೋಡಿಯಂ ಪೈರುವೇಟ್ 0.3 ಗ್ರಾಂ, ಡೈಪೊಟ್ಯಾಶಿಯಂ ಫಾಸ್ಫೇಟ್ 0.3 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 0.05 ಗ್ರಾಂ, ಅಗರ್ 15 ಗ್ರಾಂ. ಇದನ್ನು "ಬಡ ಮಾಧ್ಯಮ" ಎಂದು ಕರೆಯುವ ರೂಢಿ ಇದೆ. ನನಗೆ ಆ ಹೆಸರು ಒಪ್ಪಿಗೆಯಿಲ್ಲ. ಕೂಡಿಸಿ ನೋಡಿದರೆ ಇದರಲ್ಲೂ ಲೀಟರಿಗೆ ಸುಮಾರು 1.1 ಗ್ರಾಂ ಇಂಗಾಲವಿದೆ. ಅದು ನ್ಯೂಟ್ರಿಯೆಂಟ್ ಅಗರ್‌ನ ಮೂರನೇ ಒಂದು ಭಾಗದಷ್ಟು. ನಿಜವಾದ ಬಡತನ ಆರಂಭವಾಗುವುದು ಇದನ್ನು ನೂರು ಪಟ್ಟು ತೆಳುಗೊಳಿಸಿ, ಇಂಗಾಲ ಲೀಟರಿಗೆ 11 ಮಿಲಿಗ್ರಾಂ ಆಸುಪಾಸಿಗೆ ಇಳಿದಾಗ.

ಇಲ್ಲಿ ಎರಡು ಗುಂಡಿಗಳಿವೆ. ಸಿದ್ಧ ಆರ್2ಎ ಪುಡಿಯ ಹತ್ತನೇ ಒಂದು ಭಾಗ ತೂಗಿ ನೀರಿಗೆ ಹಾಕಿದರೆ ಅಗರ್ ಕೂಡ ಹತ್ತನೇ ಒಂದಾಗುತ್ತದೆ, ತಟ್ಟೆ ಗಟ್ಟಿಯಾಗುವುದೇ ಇಲ್ಲ. ಇದು ಕಣ್ಣಿಗೆ ಕಾಣುವ ತಪ್ಪಾದ್ದರಿಂದ ಯಾರಾದರೂ ತಿದ್ದಿಕೊಳ್ಳುತ್ತಾರೆ. ಕಾಣದ ತಪ್ಪು ಎರಡನೆಯದು: ಪುಡಿಯನ್ನು ತೆಳುಗೊಳಿಸಿದಾಗ ಫಾಸ್ಫೇಟ್ ಮತ್ತು ಮೆಗ್ನೀಸಿಯಂ ಕೂಡ ಇಳಿಯುತ್ತವೆ, ರಸಸಾರವನ್ನು ಹಿಡಿದಿಡುವ ಬಲವೂ ಕುಗ್ಗುತ್ತದೆ. ಆಮೇಲೆ ಕಾಲೊನಿಗಳ ಸಂಖ್ಯೆ ಬದಲಾದರೆ ಅದು ಇಂಗಾಲದಿಂದಲೋ, ರಂಜಕದಿಂದಲೋ, ರಸಸಾರದಿಂದಲೋ ಹೇಳುವಂತಿಲ್ಲ. ಆದ್ದರಿಂದ ಆಹಾರವನ್ನು ಮಾತ್ರ ಇಳಿಸಿ, ಲವಣಗಳನ್ನು ಆರ್2ಎಯ ನಾಲ್ಕೂ ಮೆಟ್ಟಿಲುಗಳಲ್ಲಿ ಒಂದೇ ಮಟ್ಟದಲ್ಲಿ ಇಡಿ.

ಸುಲಭದ ದಾರಿ ಹೀಗಿದೆ. ಮೇಲೆ ಹೇಳಿದ ಆರು ಆಹಾರ ವಸ್ತುಗಳನ್ನು ಹತ್ತು ಪಟ್ಟು ಸಾಂದ್ರವಾಗಿ, ಅಂದರೆ ಮೊದಲ ಐದನ್ನು ಲೀಟರಿಗೆ ತಲಾ 5 ಗ್ರಾಂ, ಪೈರುವೇಟನ್ನು 3 ಗ್ರಾಂ ಲೆಕ್ಕದಲ್ಲಿ ಕರಗಿಸಿ. ಪಿಷ್ಟ ಕರಗಲು ನೀರು ಬಿಸಿಯಾಗಿರಬೇಕು. ಒಂದು ಲೀಟರ್ ಮಾಧ್ಯಮಕ್ಕೆ ಈ ದ್ರಾವಣದ 100 ಮಿಲಿಲೀಟರ್ ಸೇರಿಸಿದರೆ ಪೂರ್ಣ ಪ್ರಮಾಣ, 10 ಸೇರಿಸಿದರೆ ಹತ್ತನೇ ಒಂದು, 1 ಸೇರಿಸಿದರೆ ನೂರನೇ ಒಂದು. ಸಾಂದ್ರ ದ್ರಾವಣವನ್ನೇ ಆಟೋಕ್ಲೇವ್ ಮಾಡಿಟ್ಟರೆ ಗ್ಲೂಕೋಸು ಅಮೈನೋ ಆಮ್ಲಗಳೊಡನೆ ಸೇರಿ ಕಂದುಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಅದನ್ನು ತಯಾರಿಸಿದ ದಿನವೇ ಮಾಧ್ಯಮಕ್ಕೆ ಬೆರೆಸಿ, ಒಮ್ಮೆ ಮಾತ್ರ ಬಿಸಿ ತಗುಲುವಂತೆ ನೋಡಿಕೊಳ್ಳಿ.

ಹಂತ 3: ಮಾಧ್ಯಮವನ್ನು ತಯಾರಿಸುವುದು

ಫಾಸ್ಫೇಟನ್ನು ಅಗರ್ ಜೊತೆಗೆ ಆಟೋಕ್ಲೇವ್ ಮಾಡಬೇಡಿ. ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ವಾಕ್ಯ ನೆನಪಿಟ್ಟುಕೊಳ್ಳುವಿರಾದರೆ ಇದನ್ನು ಇಟ್ಟುಕೊಳ್ಳಿ. ಎರಡೂ ಒಟ್ಟಿಗೆ ಬಿಸಿಯಾದಾಗ ಹೈಡ್ರೋಜನ್ ಪೆರಾಕ್ಸೈಡ್ ಉಂಟಾಗಿ ಕಾಲೊನಿಗಳ ಸಂಖ್ಯೆ ಕುಸಿಯುತ್ತದೆ ಎಂಬುದನ್ನು ಜಪಾನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಪರಿಹಾರಕ್ಕೆ ಖರ್ಚೇನೂ ಇಲ್ಲ. ಒಂದು ಲೀಟರಿಗೆ ಬೇಕಾದ 0.3 ಗ್ರಾಂ ಫಾಸ್ಫೇಟನ್ನು 50 ಮಿಲಿಲೀಟರ್ ನೀರಿನಲ್ಲಿ ಬೇರೆ ಬಾಟಲಿಯಲ್ಲಿ ಕರಗಿಸಿ, ಉಳಿದದ್ದನ್ನೆಲ್ಲ 950 ಮಿಲಿಲೀಟರಿನಲ್ಲಿ ಇಟ್ಟು, ಎರಡನ್ನೂ 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡಿ, 60 ಡಿಗ್ರಿಯಷ್ಟು ತಣಿದ ಮೇಲೆ ಬೆರೆಸಿ. ಸಿದ್ಧ ಪುಡಿ ಬಳಸುವವರಿಗೆ ಈ ಸೌಲಭ್ಯವಿಲ್ಲ. ಹಾಗಾಗಿಯೇ ಬಿಡಿ ವಸ್ತುಗಳನ್ನು ತೂಗುವ ಬೇಸರವನ್ನು ಸಹಿಸಿಕೊಳ್ಳಿ ಎನ್ನುತ್ತೇನೆ.

ರಸಸಾರವನ್ನು ಮಣ್ಣಿಗೆ ಹೊಂದಿಸಿ. ಆರ್2ಎಯ ರಸಸಾರ 7.2, ಸುಣ್ಣವಿರುವ ಮರುಭೂಮಿ ಮಣ್ಣಿನದು ಸಾಮಾನ್ಯವಾಗಿ 8ರ ಮೇಲೆ. 8ರ ಮೇಲೆ ಫಾಸ್ಫೇಟಿನ ಹಿಡಿತ ಸಡಿಲವಾಗುವುದರಿಂದ ರಸಸಾರವನ್ನು ಹಿಡಿದಿಡುವ ಇನ್ನೊಂದು ವಸ್ತುವಾದ ಟ್ರಿಸ್ ಅನ್ನು 10 ಮಿಲಿಮೋಲಾರ್ ಪ್ರಮಾಣದಲ್ಲಿ ಸೇರಿಸಬಹುದು. ಟ್ರಿಸ್‌ನಲ್ಲಿ ಸಾರಜನಕವಿದೆ ಎಂಬುದನ್ನು ಮಾತ್ರ ಮರೆಯಬೇಡಿ, ಮುಂದೆ ಸಾರಜನಕದ ಏಣಿ ಕಟ್ಟುವಾಗ ಅದು ಕಾಡುತ್ತದೆ. ಬೆರೆಸಿದ ಮಾಧ್ಯಮದ ಸ್ವಲ್ಪ ಭಾಗವನ್ನು ಬೇರೆ ಲೋಟಕ್ಕೆ ಹಾಕಿ, ತಣಿಸಿ, ರಸಸಾರವನ್ನು ಮತ್ತೊಮ್ಮೆ ನೋಡಿ. ಆಟೋಕ್ಲೇವ್‌ಗೆ ಮೊದಲು ಬರೆದುಕೊಂಡ ಅಂಕಿಯನ್ನು ನಂಬುವಂತಿಲ್ಲ.

ಅಗರ್ ತಾನೇ ಒಂದು ಆಹಾರದ ಮೂಲ ಎಂಬುದು ಕೆಳಗಿನ ಮೆಟ್ಟಿಲುಗಳಲ್ಲಿ ಮುಖ್ಯವಾಗುತ್ತದೆ. ಸಾಧಾರಣ ಅಗರ್‌ನಲ್ಲಿರುವ ಕಲ್ಮಶಗಳೇ ಮಿತಾಹಾರಿಗಳಿಗೆ ಸಾಕಾಗಬಹುದು. ಶುದ್ಧೀಕರಿಸಿದ ಅಗರ್ ಸಿಗದಿದ್ದರೆ ಸಾಧಾರಣ ಅಗರನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಮೂರು ನಾಲ್ಕು ಬಾರಿ ನೆನೆಸಿ, ಕಲಕಿ, ನೀರು ಬಸಿದು ಬಳಸಿ. ಇನ್ನೊಂದು ಆಯ್ಕೆ ಜೆಲ್ಲಾನ್ ಗಮ್, ಬ್ಯಾಕ್ಟೀರಿಯಾದಿಂದಲೇ ಪಡೆಯುವ ಗಟ್ಟಿಕಾರಕ. ಲೀಟರಿಗೆ 8ರಿಂದ 10 ಗ್ರಾಂ ಸಾಕು, ಆದರೆ ಅದು ಹೆಪ್ಪುಗಟ್ಟಲು ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಲವಣ ಬೇಕೇ ಬೇಕು, ಮತ್ತು ಅಗರ್‌ಗಿಂತ ಬಹಳ ಬೇಗ ಹೆಪ್ಪುಗಟ್ಟುವುದರಿಂದ ಸುರಿಯುವ ಕೈ ಚುರುಕಾಗಿರಬೇಕು. ಅಗರ್ ಮೇಲೆ ಬಾರದ ಮಣ್ಣಿನ ಬ್ಯಾಕ್ಟೀರಿಯಾಗಳು ಇದರ ಮೇಲೆ ಬಂದ ಉದಾಹರಣೆಗಳು ಹಲವಿವೆ.

ಪ್ರತಿ ತಟ್ಟೆಗೆ 25 ಮಿಲಿಲೀಟರ್ ಸುರಿಯಿರಿ. ತೆಳ್ಳಗೆ ಸುರಿದ ತಟ್ಟೆ ಎರಡು ತಿಂಗಳು ಬಾಳುವುದಿಲ್ಲ. ಮೂರು ಮಣ್ಣಿನ ಮಾದರಿಗಳು, ಪ್ರತಿಯೊಂದನ್ನೂ ತೆಳುಗೊಳಿಸಿದ ಎರಡು ಮಟ್ಟಗಳು, ತಲಾ ಮೂರು ತಟ್ಟೆಗಳು ಎಂದರೆ ಪ್ರತಿ ಮೆಟ್ಟಿಲಿಗೆ 18 ತಟ್ಟೆಗಳು, ಏನೂ ಹರಡದ ತಟಸ್ಥ ತಟ್ಟೆಗಳು ಎರಡು. ಅರ್ಧ ಲೀಟರ್ ಮಾಧ್ಯಮ ಸರಿಯಾಗಿ ಇಪ್ಪತ್ತು ತಟ್ಟೆಗಳಿಗೆ ಆಗುತ್ತದೆ.

ಶಿಲೀಂಧ್ರಗಳ ಕಾಟವಿದ್ದರೆ ತಣಿದ ಮಾಧ್ಯಮಕ್ಕೆ ಮಿಲಿಲೀಟರಿಗೆ 50ರಿಂದ 100 ಮೈಕ್ರೋಗ್ರಾಂ ಸೈಕ್ಲೋಹೆಕ್ಸಿಮೈಡ್ ಸೇರಿಸುವುದು ವಾಡಿಕೆ. ಇದು ಮನುಷ್ಯರಿಗೂ ತೀವ್ರ ವಿಷ, ಕೈಗವಸಿಲ್ಲದೆ ಮುಟ್ಟಬೇಡಿ. ಇದನ್ನು ಎಥನಾಲ್‌ನಲ್ಲಿ ಕರಗಿಸಿ ಹಾಕುವವರು, ನೂರನೇ ಒಂದರ ಮೆಟ್ಟಿಲಿನಲ್ಲಿ ಆ ಎಥನಾಲೇ ಮುಖ್ಯ ಆಹಾರವಾಗಿಬಿಡುತ್ತದೆ ಎಂಬುದನ್ನು ಗಮನಿಸಬೇಕು. ಲೀಟರಿಗೆ ಕೇವಲ 1 ಮಿಲಿಲೀಟರ್ ಎಥನಾಲ್ ಹಾಕಿದರೂ ಸುಮಾರು 400 ಮಿಲಿಗ್ರಾಂ ಇಂಗಾಲ ಸೇರುತ್ತದೆ. ನೀರಿನಲ್ಲಿ ಕರಗಿಸಿ, ಸೋಸುಕದಿಂದ ಕ್ರಿಮಿಶುದ್ಧಗೊಳಿಸಿ ಬಳಸುವುದು ಮೇಲು.

ಹಂತ 4: ಮಣ್ಣನ್ನು ನಿಧಾನವಾಗಿ ನೆನೆಸುವುದು

ಬರಡಾಗಿ ಒಣಗಿದ ಕೋಶವನ್ನು ಒಮ್ಮೆಲೇ ನೀರಿಗೆ ಮುಳುಗಿಸಿದರೆ ನೀರು ಒಳನುಗ್ಗಿ ಪೊರೆ ಒಡೆಯುವ ಅಪಾಯವಿದೆ. 10 ಗ್ರಾಂ ಮಣ್ಣನ್ನು ಕ್ರಿಮಿಶುದ್ಧ ತಟ್ಟೆಯಲ್ಲಿ ತೆಳುವಾಗಿ ಹರಡಿ, ತೇವಭರಿತ ಮುಚ್ಚಿದ ಡಬ್ಬಿಯಲ್ಲಿ ಕೆಲವು ಗಂಟೆ ಇಡಿ. ಹೊತ್ತನ್ನು ಎಲ್ಲ ಮಾದರಿಗಳಿಗೂ ಒಂದೇ ಇಟ್ಟುಕೊಳ್ಳಿ. ರಾತ್ರಿಯಿಡೀ ಬಿಟ್ಟರೆ ಎಣಿಕೆಗೂ ಮೊದಲೇ ಬೆಳವಣಿಗೆ ಶುರುವಾದೀತು. ನಂತರ 90 ಮಿಲಿಲೀಟರ್ ಶೇಕಡಾ 0.85ರ ಉಪ್ಪುನೀರಿಗೆ ಹಾಕಿ, ಕೆಲವು ಗಾಜಿನ ಮಣಿಗಳೊಡನೆ ಅರ್ಧ ಗಂಟೆ ಅಲುಗಾಡಿಸಿ. ಕಣಗಳನ್ನು ಬಿಡಿಸಲು ಶೇಕಡಾ 0.1ರ ಸೋಡಿಯಂ ಪೈರೋಫಾಸ್ಫೇಟ್ ಬಳಸುವವರಿದ್ದಾರೆ. ಸುಣ್ಣ, ಜಿಪ್ಸಂ ಹೆಚ್ಚಿರುವ ಮಣ್ಣಿನಲ್ಲಿ ಅದು ಕ್ಯಾಲ್ಸಿಯಂ ಜೊತೆ ಸೇರಿ ಒತ್ತರಿಸುವುದರಿಂದ (ಕರಗದ ಪುಡಿಯಾಗಿ ತಳ ಸೇರುವುದರಿಂದ) ನಾನು ಅಲ್ಲಿ ಅದನ್ನು ಬಳಸುವುದಿಲ್ಲ.

ಹಂತ 5: ತೆಳುಗೊಳಿಸಿ ಹರಡುವುದು

ಈ ಮೊದಲ ದ್ರಾವಣವೇ ಹತ್ತನೇ ಒಂದು. ಇದರ 1 ಮಿಲಿಲೀಟರನ್ನು 9 ಮಿಲಿಲೀಟರ್ ಉಪ್ಪುನೀರಿಗೆ ಸೇರಿಸಿದರೆ ನೂರನೇ ಒಂದು, ಹೀಗೆಯೇ ಮುಂದುವರಿಯಿರಿ. ಮರುಭೂಮಿ ಮಣ್ಣುಗಳ ನಡುವೆ ವ್ಯತ್ಯಾಸ ಅಪಾರವಾದ್ದರಿಂದ ಮುಖ್ಯ ಪ್ರಯೋಗಕ್ಕೆ ಮೊದಲು ಕೆಲವೇ ತಟ್ಟೆಗಳ ಮೇಲೆ ಹತ್ತು ಪಟ್ಟಿನಿಂದ ಹತ್ತು ಸಾವಿರ ಪಟ್ಟಿನವರೆಗೆ ತೆಳುಗೊಳಿಸಿದ್ದನ್ನು ಹರಡಿ ಅಂದಾಜು ಮಾಡಿಕೊಳ್ಳಿ.

ಪ್ರತಿ ತಟ್ಟೆಗೆ 100 ಮೈಕ್ರೋಲೀಟರ್ ಹರಡಿ. ಐದೂ ಮೆಟ್ಟಿಲುಗಳಿಗೆ ಒಂದೇ ಕೊಳವೆಯಿಂದ, ಪ್ರತಿ ಬಾರಿ ಕಲಕಿ, ಒಂದೇ ಹೊತ್ತಿನಲ್ಲಿ ತೆಗೆಯಬೇಕು. ಪುಷ್ಟ ತಟ್ಟೆಗಳನ್ನೆಲ್ಲ ಬೆಳಿಗ್ಗೆ, ಬಡ ತಟ್ಟೆಗಳನ್ನೆಲ್ಲ ಸಂಜೆ ಹರಡಿದರೆ ಆ ನಡುವೆ ಉಪ್ಪುನೀರಿನಲ್ಲಿ ಕೋಶಗಳಿಗೆ ಆದದ್ದೆಲ್ಲ ಪೋಷಕಾಂಶದ ಪರಿಣಾಮವೆಂದು ದಾಖಲಾಗುತ್ತದೆ. ತಟ್ಟೆಗೆ 30ರಿಂದ 300 ಕಾಲೊನಿಗಳೆಂಬುದು ಪಠ್ಯಪುಸ್ತಕದ ನಿಯಮ. ನಿಧಾನದವುಗಳಿಗೆ ಜಾಗ ಬೇಕಾದ್ದರಿಂದ ಇಲ್ಲಿ 100ರ ಒಳಗೆ ಇರುವಂತೆ ನೋಡಿಕೊಂಡರೆ ಒಳ್ಳೆಯದು.

ಹಂತ 6: ಕಾಯುವುದು

28 ಡಿಗ್ರಿಯಲ್ಲಿ, ಕತ್ತಲಲ್ಲಿ, ತಟ್ಟೆಗಳನ್ನು ಬೋರಲಾಗಿಟ್ಟು, ಐದೈದರಂತೆ ಚೀಲಗಳಲ್ಲಿ ಮುಚ್ಚಿಡಿ. ಪೆಟ್ಟಿಗೆಯ ಮೂಲೆಯಲ್ಲಿ ಒದ್ದೆ ಹತ್ತಿ ಇದ್ದರೆ ಮಾಧ್ಯಮ ಬಿರುಕು ಬಿಡುವುದಿಲ್ಲ. ಒಣಗುತ್ತಿರುವ ತಟ್ಟೆಯಲ್ಲಿ ಪೋಷಕಾಂಶವೂ ಲವಣವೂ ಸಾಂದ್ರವಾಗುತ್ತ ಹೋಗುವುದರಿಂದ ನೂರನೇ ಒಂದು ಎಂದು ಬರೆದಿಟ್ಟದ್ದು ಐವತ್ತನೇ ಒಂದಾಗಿಬಿಡಬಹುದು. ದ್ರಾವಕಗಳನ್ನು ಇಟ್ಟಿರುವ ಕೋಣೆಯಲ್ಲಿ ಈ ತಟ್ಟೆಗಳನ್ನು ಇಡಬೇಡಿ. ಗಾಳಿಯಲ್ಲಿ ತೇಲುವ ಆವಿಯನ್ನೂ ತಿಂದು ಬದುಕುವ ಮಿತಾಹಾರಿಗಳಿವೆ.

3, 7, 14, 28 ಮತ್ತು 56ನೆಯ ದಿನ ಎಣಿಸಿ. ಪ್ರತಿ ಸಲ ಹೊಸದಾಗಿ ಬಂದ ಕಾಲೊನಿಗಳಿಗೆ ತಟ್ಟೆಯ ಹಿಂಬದಿಯಲ್ಲಿ ಬೇರೆ ಬಣ್ಣದ ಮಾರ್ಕರ್‌ನಿಂದ ಚುಕ್ಕೆ ಇಡಿ: ಮೂರನೆಯ ದಿನಕ್ಕೆ ಕಪ್ಪು, ಏಳನೆಯ ದಿನಕ್ಕೆ ನೀಲಿ, ಹೀಗೆ. ಎರಡು ತಿಂಗಳ ಕೊನೆಯಲ್ಲಿ ತಟ್ಟೆಯನ್ನು ತಿರುಗಿಸಿ ನೋಡಿದರೆ ಯಾರು ಯಾವಾಗ ಬಂದರೆಂಬ ಇತಿಹಾಸವೇ ಅಲ್ಲಿರುತ್ತದೆ. ಪುಷ್ಟ ತಟ್ಟೆಗಳಲ್ಲಿ ಕಪ್ಪು ಚುಕ್ಕೆಗಳೇ ತುಂಬಿ, ಬಡ ತಟ್ಟೆಗಳಲ್ಲಿ ಕೊನೆಯ ಬಣ್ಣಗಳು ಹೆಚ್ಚುವುದನ್ನು ಸಾಮಾನ್ಯವಾಗಿ ಕಾಣುತ್ತೀರಿ. ಮರುಭೂಮಿಯ ಮಣ್ಣಿನಲ್ಲಿ ಮತ್ತೆ ಮತ್ತೆ ಸಿಗುವ ಜಿಯೋಡರ್ಮಟೋಫಿಲಸ್, ಮೊಡೆಸ್ಟೋಬ್ಯಾಕ್ಟರ್‌ಗಳಂತಹ ಗುಲಾಬಿ, ಕಿತ್ತಳೆ, ಕಪ್ಪು ಬಣ್ಣದ ಕಾಲೊನಿಗಳು ಮೊದಲ ವಾರ ಕಳೆದ ಮೇಲೆ ನಿಧಾನವಾಗಿ ಬಣ್ಣ ತಳೆಯುತ್ತವೆ.

ಹಂತ 7: ಎಣಿಸುವುದು, ಅರ್ಥ ಮಾಡಿಕೊಳ್ಳುವುದು

ನೂರನೇ ಒಂದರ ತಟ್ಟೆಯಲ್ಲಿ ಕಾಲೊನಿ ಸೂಜಿಯ ಮೊನೆಯಷ್ಟೇ ಇರುತ್ತದೆ, ಬಣ್ಣವೂ ಇರುವುದಿಲ್ಲ. ತಟ್ಟೆಯನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟು, ಮಸೂರದಿಂದ ನೋಡಿ. ಆಗ ಅಗರ್ ಮೇಲೆ ಇಬ್ಬನಿಯ ಹನಿಯಂತೆ ಉಬ್ಬಿ ಹೊಳೆಯುವ ಚುಕ್ಕೆಗಳು ಎದ್ದು ಕಾಣುತ್ತವೆ. ಅವುಗಳಲ್ಲಿ ಕೆಲವು ಕಾಲೊನಿಗಳೇ ಆಗಿರುವುದಿಲ್ಲ. ಕ್ಷಾರೀಯ ಮಾಧ್ಯಮದಲ್ಲಿ ವಾರಗಳು ಕಳೆದಂತೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಹರಳುಗಳು ಮೂಡುತ್ತವೆ. ಮೊದಮೊದಲು ಒಂದು ಸರಣಿಯಲ್ಲಿ ನಾನು ಎಣಿಸಿದ್ದರಲ್ಲಿ ಅರ್ಧದಷ್ಟು ಇಂತಹ ಹರಳುಗಳೇ ಆಗಿದ್ದವು. ಸೂಜಿಯಿಂದ ಮುಟ್ಟಿದರೆ ಹರಳು ಮರಳಿನಂತೆ ಕರಕರ ಎನ್ನುತ್ತದೆ, ಕಾಲೊನಿ ಬೆಣ್ಣೆಯಂತೆ ಜಾರುತ್ತದೆ ಅಥವಾ ತೊಗಲಿನಂತೆ ಎದ್ದುಬರುತ್ತದೆ. ಅನುಮಾನವಿದ್ದರೆ ಬ್ಯಾಕ್ಟೀರಿಯಾಗಳಿಗೆ ಹಿಡಿಯುವ ಗ್ರಾಮ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಏನೂ ಹರಡದ ತಟ್ಟೆಯಲ್ಲೂ ಅಂಥವೇ ಚುಕ್ಕೆಗಳಿದ್ದರೆ ಉತ್ತರ ಅಲ್ಲೇ ಸಿಕ್ಕಂತೆ.

ಲೆಕ್ಕ ಸರಳ. ಮಣ್ಣನ್ನು ಸಾವಿರ ಪಟ್ಟು ತೆಳುಗೊಳಿಸಿ ಹರಡಿದ ತಟ್ಟೆಗಳಲ್ಲಿ ಸರಾಸರಿ 42 ಕಾಲೊನಿಗಳು, ಹರಡಿದ್ದು 0.1 ಮಿಲಿಲೀಟರ್ ಎಂದಾದರೆ, 42ನ್ನು 10ರಿಂದ ಮತ್ತು 1,000ದಿಂದ ಗುಣಿಸಿ ಗ್ರಾಂಗೆ 4,20,000. ಮಣ್ಣಿನ ತೇವಾಂಶ ಶೇಕಡಾ 2 ಇದ್ದರೆ ಇದನ್ನು 0.98ರಿಂದ ಭಾಗಿಸಿ, ಒಣತೂಕದ ಗ್ರಾಂಗೆ ಸುಮಾರು 4,29,000 ಎಂದು ಬರೆಯಿರಿ. ಮೆಟ್ಟಿಲುಗಳನ್ನು ಹೋಲಿಸುವಾಗ ಅಂಕಿಗಳ ಲಾಗರಿದಮ್ ತೆಗೆದುಕೊಂಡು ಹೋಲಿಸಿ. ಒಂದೇ ಮಣ್ಣಿನ ಮಾದರಿಯ ಮೂರು ತಟ್ಟೆಗಳನ್ನು ಮೂರು ಸ್ವತಂತ್ರ ಮಾದರಿಗಳೆಂದು ತೋರಿಸಬೇಡಿ.

ಕೆಳಗಿನ ಮೆಟ್ಟಿಲುಗಳಲ್ಲಿ ಕಾಲೊನಿಗಳು ತಡವಾಗಿ, ಆದರೆ ಹೆಚ್ಚಾಗಿ ಬಂದರೆ ಪುಷ್ಟ ಮಾಧ್ಯಮ ಅವನ್ನು ತಡೆದಿತ್ತು ಎನ್ನಬಹುದು. ಸೊನ್ನೆ ಮೆಟ್ಟಿಲಿನಲ್ಲೂ ನೂರನೇ ಒಂದರಷ್ಟೇ ಬಂದರೆ ಅಗರ್‌ನ ಕಲ್ಮಶವೇ ಊಟ ಹಾಕುತ್ತಿದೆ. ತೊಳೆದ ಅಗರ್‌ನಲ್ಲಿ ಮತ್ತೊಮ್ಮೆ ಮಾಡಿ. ಎಲ್ಲ ಮೆಟ್ಟಿಲುಗಳಲ್ಲೂ ಬೆರಳೆಣಿಕೆಯಷ್ಟೇ ಬಂದರೆ ಪೋಷಕಾಂಶವನ್ನು ದೂಷಿಸುವ ಮೊದಲು ಲವಣಾಂಶ, ರಸಸಾರ, ನೆನೆಸಿದ ಕ್ರಮಗಳನ್ನು ನೋಡಿ, ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಒಟ್ಟು ಕೋಶಗಳನ್ನು ಎಣಿಸಿ. ಚಿಲಿಯ ಅಟಕಾಮಾ ಮರುಭೂಮಿಯ ಅತಿ ಒಣ ಭಾಗವಾದ ಯುಂಗಾಯ್‌ನ ಮಣ್ಣಿನಲ್ಲಿ ಬೆಳೆಸಬಲ್ಲ ಬ್ಯಾಕ್ಟೀರಿಯಾಗಳು ತೀರಾ ವಿರಳ ಎಂದು 2003ರಲ್ಲಿ ಪ್ರಕಟವಾದ ಬಳಿಕವೂ ಬೇರೆ ತಂಡಗಳು ಅದೇ ಪ್ರದೇಶದಿಂದ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ತೋರಿಸಿದವು. "ಬರಲಿಲ್ಲ" ಎಂಬ ಫಲಿತಾಂಶ ಆ ಮಾಧ್ಯಮ, ಆ ಅವಧಿ, ಆ ಹಿಡಿ ಮಣ್ಣಿಗೆ ಮಾತ್ರ ಸೇರಿದ್ದು.

ಸಾರಜನಕ ಮತ್ತು ರಂಜಕವನ್ನು ಬೇರೆಯಾಗಿ ಪರೀಕ್ಷಿಸುವುದಾದರೆ

ಮೇಲಿನ ಏಣಿಯಲ್ಲಿ ಇಂಗಾಲವೂ ಸಾರಜನಕವೂ ಒಟ್ಟಿಗೇ ಇಳಿಯುತ್ತವೆ, ಏಕೆಂದರೆ ಪೆಪ್ಟೋನ್‌ನಲ್ಲಿ ಎರಡೂ ಇವೆ. ಇವನ್ನು ಬೇರ್ಪಡಿಸಬೇಕಾದರೆ ಪೆಪ್ಟೋನ್ ಬಿಟ್ಟು, ಗ್ಲೂಕೋಸ್ ಅಥವಾ ಪೈರುವೇಟ್‌ನಿಂದ ಇಂಗಾಲವನ್ನು ಲೀಟರಿಗೆ 100 ಮಿಲಿಗ್ರಾಂಗೆ ಸ್ಥಿರವಾಗಿಟ್ಟು, ಅಮೋನಿಯಂ ಕ್ಲೋರೈಡ್ ಮೂಲಕ ಸಾರಜನಕವನ್ನು ಸೊನ್ನೆ, 1, 10, 50 ಮಿಲಿಗ್ರಾಂ ಎಂದು ಏರಿಸಿ. ಸಾರಜನಕವಿಲ್ಲದ ತಟ್ಟೆಯಲ್ಲಿ ಬೆಳೆದದ್ದೆಲ್ಲ ಗಾಳಿಯ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯಾ ಎಂದು ಬರೆದುಬಿಡುವುದು ಬಹಳ ಹಳೆಯ ತಪ್ಪು. ಅಗರ್‌ನಲ್ಲೂ ಗಾಳಿಯ ಅಮೋನಿಯಾದಲ್ಲೂ ಮಿತಾಹಾರಿಗಳಿಗೆ ಸಾಲುವಷ್ಟು ಸಾರಜನಕ ಇರುತ್ತದೆ. ಖಚಿತಪಡಿಸಿಕೊಳ್ಳಲು ಸಾರಜನಕ ಹಿಡಿಯುವ ಕಿಣ್ವದ ಕೆಲಸವನ್ನು ಅಳೆಯುವ ಅಸಿಟಿಲೀನ್ ಪರೀಕ್ಷೆಯನ್ನೋ ಆ ಕಿಣ್ವದ ನಿಫ್‌ಎಚ್ ಜೀನನ್ನೋ ನೋಡಬೇಕು. ರಂಜಕಕ್ಕೂ ಇದೇ ಕ್ರಮ, ಆದರೆ ಕ್ಯಾಲ್ಸಿಯಂ ಇರುವ ಕ್ಷಾರೀಯ ಮಾಧ್ಯಮದಲ್ಲಿ ಹಾಕಿದ ಫಾಸ್ಫೇಟಿನ ಒಂದು ಭಾಗ ಒತ್ತರಿಸಿ ತಳ ಸೇರುವುದರಿಂದ, ಹಾಕಿದ್ದಷ್ಟೂ ಬ್ಯಾಕ್ಟೀರಿಯಾಗೆ ಸಿಕ್ಕಿತೆಂದು ತಿಳಿಯಬಾರದು.

ಹಂತ 8: ಆರಿಸಿ, ಶುದ್ಧಗೊಳಿಸಿ, ಕಾಪಿಡುವುದು

ಕಾಲೊನಿಯನ್ನು ಅದು ಹುಟ್ಟಿದ ಮೆಟ್ಟಿಲಿನ ಮಾಧ್ಯಮಕ್ಕೇ ಮೊದಲು ವರ್ಗಾಯಿಸಿ. ನೂರನೇ ಒಂದರಲ್ಲಿ ಆರು ವಾರ ಕಾದು ಬಂದದ್ದನ್ನು ಬೇಗ ಬೆಳೆಯಲಿ ಎಂಬ ಆಸೆಯಿಂದ ನೇರವಾಗಿ ನ್ಯೂಟ್ರಿಯೆಂಟ್ ಅಗರ್‌ಗೆ ಹಾಕಿ ಕಳೆದುಕೊಳ್ಳುವವರು ಇಂದಿಗೂ ಇದ್ದಾರೆ. ಅದೇ ಮಟ್ಟದಲ್ಲಿ ಮೂರು ಬಾರಿ ಗೆರೆ ಎಳೆದು (ಕಾಲೊನಿಯನ್ನು ಹೊಸ ತಟ್ಟೆಯ ಮೇಲೆ ಗೆರೆಗಳಾಗಿ ಸವರಿ) ಶುದ್ಧಗೊಳಿಸಿದ ಮೇಲೆ ಐದೂ ಮೆಟ್ಟಿಲುಗಳ ಮೇಲೆ ಗೆರೆ ಎಳೆಯಿರಿ. ಪುಷ್ಟ ಮಾಧ್ಯಮದಲ್ಲೂ ಬೆಳೆದರೆ ಅದು ಬಡತನಕ್ಕೂ ಒಗ್ಗಿಕೊಂಡ ಜೀವಿ. ಬೆಳೆಯದೇ ಹೋದರೆ ಮಾತ್ರ ಕಡ್ಡಾಯ ಮಿತಾಹಾರಿ ಎಂಬ ಹೆಸರಿಗೆ ಅರ್ಹ. ಅನುಭವದಲ್ಲಿ ಮೊದಲ ಗುಂಪಿನವೇ ಹೆಚ್ಚು. ಮಣ್ಣಿನಿಂದ ಬಂದಾಗ ತಾಳಲಾರದ ಊಟವನ್ನು ಕೆಲವು ಪೀಳಿಗೆಗಳ ನಂತರ ತಾಳಿಕೊಳ್ಳುವವೂ ಇವೆ, ಆದ್ದರಿಂದ ಈ ಪರೀಕ್ಷೆಯನ್ನು ಎಷ್ಟನೆಯ ವರ್ಗಾವಣೆಯಲ್ಲಿ ಮಾಡಿದಿರಿ ಎಂಬುದನ್ನು ದಾಖಲಿಸಿ.

ಕಾಪಿಡಲು ಶೇಕಡಾ 20ರ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇಡಿ. ಬಡ ಮಾಧ್ಯಮದಲ್ಲಿ ಕೋಶಗಳು ಕಡಿಮೆ ಸಿಗುವುದರಿಂದ ಒಂದು ಸೀಸೆಗೆ ನಾಲ್ಕೈದು ತಟ್ಟೆಗಳ ಬೆಳೆಯನ್ನು ಕೆರೆದು ಹಾಕಬೇಕಾಗುತ್ತದೆ. ಒಂದು ತಿಂಗಳ ನಂತರ ಒಂದು ಸೀಸೆಯನ್ನು ಕರಗಿಸಿ, ಗ್ಲಿಸರಾಲ್ ತಾನೇ ಆಹಾರವಾಗದಂತೆ ಕೋಶಗಳನ್ನು ಉಪ್ಪುನೀರಿನಲ್ಲಿ ತೊಳೆದು, ಮೂಲ ಮೆಟ್ಟಿಲಿನ ಮಾಧ್ಯಮದ ಮೇಲೆ ಹರಡಿ ಜೀವವಿದೆಯೇ ಎಂದು ನೋಡಿ. ಸೀಸೆಯ ಚೀಟಿಯಲ್ಲಿ ತಳಿಯ ಸಂಖ್ಯೆಯ ಜೊತೆಗೆ ಮಾಧ್ಯಮದ ಮಟ್ಟ, ರಸಸಾರ, ಮೊದಲು ಕಂಡ ದಿನ ಇವು ಮೂರನ್ನೂ ಅಳಿಸದ ಶಾಯಿಯಲ್ಲಿ ಬರೆಯಿರಿ.